ಅಡಿಕೆ ಸಂಚಿ ಮತ್ತು ಆರು ಬೇಡಿಕೆ: 1793ರ ಚೀನಾ ರಾಯಭಾರ, ಒಂದು ಪ್ರಕರಣ ಅಧ್ಯಯನ

1793ರಲ್ಲಿ ಇಂಗ್ಲೆಂಡಿನಿಂದ ಚೀನಾಕ್ಕೆ ಹೋದ ರಾಯಭಾರದ ಮಾತು ಬಂದಾಗಲೆಲ್ಲ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ. ರಾಯಭಾರಿ ಚಕ್ರವರ್ತಿಗೆ ಅಡ್ಡಬಿದ್ದರೋ, ಇಲ್ಲವೋ? ಆ ಒಂದು ನಮಸ್ಕಾರದಲ್ಲೇ ಎಲ್ಲ ಕೆಟ್ಟಿತು ಅಂತ ಓದಿದವರೂ ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ನಮಸ್ಕಾರದ ಜಗಳ ಒಂದು ಹದಕ್ಕೆ ಬಂದು ಬಗೆಹರಿದಿತ್ತು. ಮಾತುಕತೆ ಕೆಟ್ಟದ್ದು ಬೇರೆ ಕಡೆ, ಅದೂ ಬಹಳ ಮೊದಲೇ. ಎಲ್ಲಿ ಕೆಟ್ಟಿತು ಅಂತ ಹುಡುಕುವುದೇ ಈ ಬರಹದ ಕೆಲಸ.

ಮೊದಲೇ ಒಂದು ಮಾತು. ದೊರೆಗಳನ್ನು ಬಿಟ್ಟು ಉಳಿದವರನ್ನೆಲ್ಲ ಇಲ್ಲಿ ಹುದ್ದೆಯಿಂದಲೇ ಕರೆಯುತ್ತೇನೆ: ರಾಯಭಾರಿ, ಉಪರಾಯಭಾರಿ, ದುಭಾಷಿ, ಹುಡುಗ. ಹೆಸರು ಹೇಳಿದ ಕೂಡಲೇ ನಾವು ಮನುಷ್ಯನ ಗುಣ ಅಳೆಯಲು ಶುರು ಮಾಡುತ್ತೇವೆ. ಇಲ್ಲಿ ಅಳೆಯಬೇಕಾದ್ದು ಆ ಜಾಗದಲ್ಲಿ ಕೂತವರು ತೆಗೆದುಕೊಂಡ ನಿರ್ಧಾರಗಳನ್ನು.

ಹಿನ್ನೆಲೆ: ಒಂದೇ ಬಾಗಿಲು

1757ರಲ್ಲಿ ಚಕ್ರವರ್ತಿ ಚಿಯಾನ್‌ಲಾಂಗ್ ಯುರೋಪಿನವರ ಹಡಗು ವ್ಯಾಪಾರವನ್ನೆಲ್ಲ ಕ್ಯಾಂಟನ್ ಎಂಬ ಒಂದೇ ಬಂದರಿಗೆ ಸೀಮಿತ ಮಾಡಿದರು. ಈಗಿನ ಗುವಾಂಗ್‌ಝೌ ಅದು. ವಿದೇಶಿ ವರ್ತಕರ ಕೋಠಿಗಳು ಕೋಟೆಗೋಡೆಯ ಹೊರಗೆ, ನದಿ ದಂಡೆಯ ಮೇಲೆ. ಊರೊಳಗೆ ಕಾಲಿಡುವಂತಿಲ್ಲ. ಹೆಂಗಸರನ್ನು ಕರೆತರುವಂತಿಲ್ಲ. ಹಡಗಿನ ಕಾಲ ಮುಗಿದ ಮೇಲೆ ಅಲ್ಲಿ ಉಳಿಯುವಂತಿಲ್ಲ, ಗಂಟುಮೂಟೆ ಕಟ್ಟಿ ಹತ್ತಿರದ ಪೋರ್ಚುಗೀಸರ ನೆಲೆ ಮಕಾವ್‌ಗೆ ಹೋಗಬೇಕು. ಕೊಳ್ಳುವುದು, ಮಾರುವುದು ಎಲ್ಲ ಹಾಂಗ್ ವರ್ತಕರು ಅಂತ ಸರ್ಕಾರ ಗುರುತಿಸಿದ ಕೆಲವೇ ಸಾಹುಕಾರರ ಮೂಲಕ. ಮೇಲೆ ಒಬ್ಬ ಸುಂಕದ ಅಧಿಕಾರಿ. ವಿದೇಶಿಯರು ಅವನನ್ನು ಹೊಪ್ಪೊ ಅಂತ ಕರೆಯುತ್ತಿದ್ದರು. ಅವನ ವಸೂಲಿಯ ಒಂದು ಪಾಲು ಚಕ್ರವರ್ತಿಯ ಸ್ವಂತ ಮನೆತನದ ಖಜಾನೆಗೆ ಹೋಗುತ್ತಿತ್ತು. ಈ ವಿಷಯವನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಕ್ಯಾಂಟನ್ನಿನ ಏರ್ಪಾಟು ಬದಲಾಗಲಿ ಅಂತ ರಾಜಧಾನಿಯಲ್ಲಿ ಯಾರಿಗೂ ಅನ್ನಿಸದೆ ಇದ್ದದ್ದು ಸುಮ್ನೆ ಅಲ್ಲ.

1759ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಒಬ್ಬ ನೌಕರ ಈ ಗೋಡೆ ದಾಟಲು ನೋಡಿದ. ಚೀನೀ ಭಾಷೆ ಬಲ್ಲ ಅಪರೂಪದ ಇಂಗ್ಲಿಷಿನವನು ಅವನು. ದೂರಿನ ಅರ್ಜಿ ಹಿಡಿದು ಹಡಗಿನಲ್ಲಿ ನೇರ ರಾಜಧಾನಿ ಪೀಕಿಂಗ್ (ಈಗಿನ ಬೀಜಿಂಗ್) ಹತ್ತಿರದ ಬಂದರು ತಿಯಾಂಜಿನ್‌ಗೆ ಹೋದ. ಅರ್ಜಿ ಚಕ್ರವರ್ತಿಯವರೆಗೂ ಮುಟ್ಟಿತು. ಆಮೇಲೆ ಅವನಿಗೆ ಮಕಾವ್‌ನಲ್ಲಿ ಮೂರು ವರ್ಷ ಸೆರೆ. ಅರ್ಜಿ ಬರೆದುಕೊಟ್ಟ ಚೀನೀಯನಿಗೆ ಮರಣದಂಡನೆ. ಅಲ್ಲಿಂದ ಮುಂದೆ ವಿದೇಶಿಯರಿಗೆ ಭಾಷೆ ಕಲಿಸುವುದಕ್ಕೇ ಜನ ಹೆದರಿದರು.

ಇತ್ತ ಇಂಗ್ಲೆಂಡಿನಲ್ಲಿ ಚಹದ ಹುಚ್ಚು ಏರುತ್ತಿತ್ತು. 1784ರಲ್ಲಿ ಅಲ್ಲಿನ ಪಾರ್ಲಿಮೆಂಟು ಚಹದ ಮೇಲಿನ ಸುಂಕವನ್ನು ಶೇ. 119ರಿಂದ ಶೇ. 12.5ಕ್ಕೆ ಇಳಿಸಿತು. ಬೇಡಿಕೆ ಏಕಾಏಕಿ ಜಾಸ್ತಿಯಾಯಿತು. ಚಹಕ್ಕೆ ಕೊಡಲು ಕಂಪನಿಯ ಹತ್ತಿರ ಇದ್ದದ್ದು ಬೆಳ್ಳಿ, ಕ್ಯಾಂಟನ್ನಿನ ಸೆಕೆಯಲ್ಲಿ ಅಷ್ಟೇನೂ ಬಿಕರಿಯಾಗದ ಉಣ್ಣೆ ಬಟ್ಟೆ, ಮುಂಬಯಿಯಿಂದ ಹೋಗುತ್ತಿದ್ದ ಹತ್ತಿ. ಜೊತೆಗೆ, ಕಂಪನಿ ತನ್ನ ಹೆಸರಿನಲ್ಲಿ ಸಾಗಿಸದೆ ಖಾಸಗಿ ವರ್ತಕರ ಕೈಯಲ್ಲಿ ಸಾಗಿಸುತ್ತಿದ್ದ ಬಂಗಾಳದ ಅಫೀಮು.

ಹಾಗಾಗಿ ದೊರೆಯ ಮಟ್ಟದಲ್ಲೇ ಮಾತಾಡೋಣ ಅಂತ ತೀರ್ಮಾನವಾಯಿತು. ಮೊದಲು ಕಳಿಸಿದ ರಾಯಭಾರಿ 1788ರಲ್ಲಿ ದಾರಿಯಲ್ಲೇ ತೀರಿಕೊಂಡ. ಎರಡನೆಯ ಪ್ರಯತ್ನವೇ ನಮ್ಮ ಪ್ರಕರಣ.

ಈ ಸಲ ಆರಿಸಿದ ಇಬ್ಬರಿಗೂ ನಮ್ಮ ಕಡೆಯ ನಂಟಿದೆ. ರಾಯಭಾರಿ ಹಿಂದೆ ಮದರಾಸಿನ ಗವರ್ನರ್ ಆಗಿದ್ದವರು. ಟಿಪ್ಪು ಸುಲ್ತಾನರ ಜೊತೆ ಸಂಧಿ ಮಾಡಿಕೊಳ್ಳಲು ಅವರು ಮೂವರು ಪ್ರತಿನಿಧಿಗಳನ್ನು ಕಳಿಸಿದ್ದರು. 1784ರ ಮಾರ್ಚ್ 11ರಂದು ಮಂಗಳೂರಿನಲ್ಲಿ ಸಹಿ ಹಾಕಿದ ಆ ಮೂವರಲ್ಲಿ ಒಬ್ಬರೇ ಈಗಿನ ಉಪರಾಯಭಾರಿ. ಮಂಗಳೂರಿನಲ್ಲಿ ಪಳಗಿದ ಜೋಡಿ ಅಂತಲೇ ಹೇಳಬಹುದು. ಆದರೆ ಮಂಗಳೂರಿನಲ್ಲಿ ಯುದ್ಧ ನಿಲ್ಲುವುದು ಎರಡೂ ಕಡೆಗೆ ಬೇಕಿತ್ತು. ಚೀನಾದಲ್ಲಿ ಬೇಕಿದ್ದದ್ದು ಒಂದು ಕಡೆಗೆ ಮಾತ್ರ. ಈ ವ್ಯತ್ಯಾಸವನ್ನು ಅವರು ಎಷ್ಟು ತೂಗಿ ನೋಡಿದ್ದರೋ, ಅವರು ಮಾಡಿದ ತಯಾರಿಯಲ್ಲಂತೂ ಅದು ಕಾಣುವುದಿಲ್ಲ.

ತಯಾರಿ, ಮತ್ತು ಮೊದಲ ತಿರುವು

1792ರ ಸೆಪ್ಟೆಂಬರ್ 26ರಂದು ಮೂರು ಹಡಗುಗಳು ಪೋರ್ಟ್ಸ್‌ಮತ್ ಬಿಟ್ಟವು. ಖರ್ಚು ಕಂಪನಿಯದು, ಸುಮಾರು 78,000 ಪೌಂಡ್. ಸುಮಾರು 15,600 ಪೌಂಡ್ ಬೆಲೆಯ ಉಡುಗೊರೆಗಳು. ಗ್ರಹಗಳ ಚಲನೆ ತೋರಿಸುವ ದೊಡ್ಡ ಯಂತ್ರ, ದೂರದರ್ಶಕ, ಗಡಿಯಾರ, ಗಾಜಿನ ದೀಪಗೊಂಚಲು, 110 ತೋಪುಗಳ ಯುದ್ಧನೌಕೆಯ ಮಾದರಿ, ಹಿತ್ತಾಳೆಯ ಚಿಕ್ಕ ಫಿರಂಗಿ, ಸಾರೋಟು. ಇಷ್ಟೆಲ್ಲ ಹೊರಟಿತು. ಚೀನೀ ಭಾಷೆ ಬಲ್ಲ ಇಂಗ್ಲಿಷಿನವರು ಮಾತ್ರ ಆ ಹಡಗುಗಳಲ್ಲಿ ಒಬ್ಬರೂ ಇರಲಿಲ್ಲ.

ಕೊನೆಗೆ ನೇಪಲ್ಸ್‌ನಲ್ಲಿ ಓದುತ್ತಿದ್ದ ಇಬ್ಬರು ಚೀನೀ ಕ್ಯಾಥೊಲಿಕ್ ಪಾದ್ರಿಗಳನ್ನು ದುಭಾಷಿಗಳಾಗಿ ಕರೆದುಕೊಂಡು ಹೋದರು. ಅವರಿಗೆ ಲ್ಯಾಟಿನ್ ಬರುತ್ತಿತ್ತು. ಅಂದರೆ ಒಂದೊಂದು ಮಾತೂ ಇಂಗ್ಲಿಷಿನಿಂದ ಲ್ಯಾಟಿನ್ನಿಗೆ, ಲ್ಯಾಟಿನ್ನಿನಿಂದ ಚೀನೀಗೆ ದಾಟಬೇಕು. ಉತ್ತರ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಮಕಾವ್ ತಲುಪಿದ ಮೇಲೆ ಅವರಲ್ಲಿ ಒಬ್ಬ ಜೀವಭಯದಿಂದ ಇಳಿದುಹೋದ. ಉಳಿದದ್ದು ಒಬ್ಬನೇ.

ಇನ್ನು ಮೊದಲ ತಿರುವು. ಒಳಗೆ ಬಿಡಿಸಿಕೊಳ್ಳಲು ಇಂಗ್ಲೆಂಡಿನವರಿಗೆ ಒಂದು ನೆಪ ಬೇಕಿತ್ತು. ಚಕ್ರವರ್ತಿಯ ಹುಟ್ಟುಹಬ್ಬಕ್ಕೆ ಶುಭಾಶಯ ಹೇಳಲು ಬರುತ್ತಿದ್ದೇವೆ ಅಂತ ಮುಂಚಿತವಾಗಿ ಕ್ಯಾಂಟನ್ನಿಗೆ ಪತ್ರ ಬರೆದರು. ಆ ನೆಪ ಚೆನ್ನಾಗಿ ಫಲಿಸಿತು. ಹಿಂದೆ ಒಬ್ಬನನ್ನು ಸೆರೆಗೆ ತಳ್ಳಿದ ಅದೇ ತಿಯಾಂಜಿನ್ ದಾರಿ ತೆರೆಯಿತು. ದಾರಿಯುದ್ದಕ್ಕೂ ರಾಜೋಪಚಾರ, ಗಾಡಿಗಟ್ಟಲೆ ಊಟದ ಸಾಮಾನು. ಆದರೆ ಹಬ್ಬಕ್ಕೆ ಅಂತ ಬಂದವರು ನೆಂಟರು. ಹಬ್ಬ ಮುಗಿದ ಮೇಲೆ ನೆಂಟರು ಹೊರಡಬೇಕು, ಅಲ್ವಾ? ನಿಂತು ವ್ಯವಹಾರ ಮಾತಾಡುವ ಹಕ್ಕನ್ನು ಈ ನೆಪವೇ ಕಿತ್ತುಕೊಂಡಿತ್ತು. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ದೊಡ್ಡ ತಪ್ಪು ನಡೆ ಇದೇ. ಒಳ್ಳೆ ಬುದ್ಧಿವಂತಿಕೆಯ ನಡೆ ಅಂತ ಆಗ ಎಲ್ಲರಿಗೂ ಕಂಡದ್ದೂ ಇದೇ.

ಕಪ್ಪವೋ, ಕಾಣಿಕೆಯೋ

ನಮ್ಮ ಭಾಷೆಯಲ್ಲಿ ಕಪ್ಪಕಾಣಿಕೆ ಅಂತ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಆದರೆ ಕಪ್ಪ ಬೇರೆ, ಕಾಣಿಕೆ ಬೇರೆ. ಕಪ್ಪ ಕೊಡುವವನು ಕೆಳಗಿನವನು. ಕಾಣಿಕೆ ಸಮಾನರ ನಡುವೆಯೂ ನಡೆಯುತ್ತದೆ.

ಆಗಸ್ಟಿನಲ್ಲಿ ರಾಯಭಾರದ ದೋಣಿಗಳು ನದಿಯಲ್ಲಿ ಮೇಲೆ ಸಾಗುತ್ತಿದ್ದವು. ಪಟಗಳ ಮೇಲೆ ಚೀನೀ ಅಕ್ಷರದ ಬಾವುಟ ಹಾರುತ್ತಿತ್ತು. ಇಂಗ್ಲೆಂಡಿನಿಂದ ಕಪ್ಪ ತಂದ ರಾಯಭಾರಿ ಅಂತ ಅದರ ಅರ್ಥ. ರಾಯಭಾರಿಗೆ ಅದು ಗೊತ್ತಾಗಿತ್ತು. ತಕರಾರು ಎತ್ತಿದರೆ ಪ್ರಯಾಣವೇ ನಿಂತೀತು ಅಂತ ಗೊತ್ತಿಲ್ಲದವರ ಹಾಗೆ ಸುಮ್ಮನಿದ್ದರು. ಅತ್ತ ಕಡೆ, ಉಡುಗೊರೆಯ ಪಟ್ಟಿಯ ಚೀನೀ ಅನುವಾದದಲ್ಲಿ ರಾಯಭಾರಿಗೆ ಬಳಸಿದ ಪದವೊಂದು ಚಕ್ರವರ್ತಿಯ ಕಣ್ಣಿಗೆ ಬಿತ್ತು. ಸಮಾನ ದೊರೆಯ ದೂತ ಅನ್ನುವ ಧ್ವನಿ ಅದರಲ್ಲಿತ್ತು. ಆ ಪದ ತೆಗೆದು ಕಪ್ಪ ತಂದವನು ಅಂತ ಹಾಕಲು ಅಪ್ಪಣೆಯಾಯಿತು. ಎರಡೂ ಕಡೆಯವರಿಗೆ ಬಿರುಕು ಕಾಣುತ್ತಿತ್ತು. ಬಾಯಿ ಬಿಟ್ಟು ಹೇಳಿದವರಿಲ್ಲ.

ಇನ್ನೊಂದು ತೊಡಕು ಹಿಮಾಲಯದ ಕಡೆಯಿಂದ ಬಂತು. 1792ರಲ್ಲಿ ಚೀನಾದ ಸೈನ್ಯ ಟಿಬೆಟ್ ದಾಟಿ ಗೂರ್ಖರ ಮೇಲೆ ನೇಪಾಳಕ್ಕೆ ನುಗ್ಗಿತ್ತು. ಗೂರ್ಖರಿಗೆ ಇಂಗ್ಲಿಷರ ಸಹಾಯ ಇತ್ತು ಅನ್ನುವ ಅನುಮಾನ ರಾಜಧಾನಿಯಲ್ಲಿತ್ತು. ನಿಜದಲ್ಲಿ ಕಲ್ಕತ್ತೆಯ ಗವರ್ನರ್ ಜನರಲ್ ಸೈನ್ಯ ಕಳಿಸದೆ ಮಧ್ಯಸ್ಥಿಕೆಗೆ ಮಾತ್ರ ಮುಂದಾಗಿದ್ದರು. ಅಧಿಕಾರಿಗಳು ಇದರ ಬಗ್ಗೆ ಕೇಳಿದಾಗ ರಾಯಭಾರಿಗೆ ಏನೂ ಗೊತ್ತಿರಲಿಲ್ಲ. ಆ ಸುದ್ದಿ ಅವರಿಗೆ ಸಿಕ್ಕಿದ್ದೇ ಚೀನಾದಲ್ಲಿ. ತನ್ನ ಕಡೆಯವರು ಪಕ್ಕದ ಗಡಿಯಲ್ಲಿ ಏನು ಮಾಡಿದ್ದಾರೆ ಅಂತ ತಿಳಿಯದೆ ಸ್ನೇಹ ಕೇಳಲು ಹೋಗಿ ನಿಂತವರ ಮಾತನ್ನು ಯಾರು ನಂಬುತ್ತಾರೆ?

ನಮಸ್ಕಾರದ ಜಗಳ

ಮೂರು ಸಲ ಮಂಡಿಯೂರಿ, ಒಂಬತ್ತು ಸಲ ಹಣೆಯನ್ನು ನೆಲಕ್ಕೆ ಮುಟ್ಟಿಸಬೇಕು. ಕೌಟೌ ಅಂದರೆ ಇದು. ರಾಯಭಾರಿ ಆಗಲ್ಲ ಅಂತ ಖಡಾಖಂಡಿತ ಹೇಳಲಿಲ್ಲ. ನನ್ನ ದೊರೆ ಮೂರನೇ ಜಾರ್ಜ್ ಅವರ ಚಿತ್ರದ ಮುಂದೆ ನನ್ನ ಸಮಾನ ಹುದ್ದೆಯ ಚೀನೀ ಅಧಿಕಾರಿ ಇದನ್ನೇ ಮಾಡಲಿ, ನಾನೂ ಮಾಡುತ್ತೇನೆ ಅಂದರು. ಇದನ್ನು ಬರೆದು ಕೊಡಬೇಕಾಯಿತು.

ಇಲ್ಲೊಂದು ವಿವರ ಇದೆ. ನನಗೆ ಈ ಇಡೀ ಕಥೆಯಲ್ಲಿ ಅತಿ ಹೆಚ್ಚು ತಟ್ಟಿದ್ದು ಅದೇ. ಆ ಪತ್ರವನ್ನು ಚೀನೀ ಲಿಪಿಯಲ್ಲಿ ಪ್ರತಿ ಮಾಡಲು ಯಾವ ಚೀನೀಯನೂ ಒಪ್ಪಲಿಲ್ಲ. ಕೈಬರಹ ಗುರುತು ಸಿಕ್ಕರೆ ತಲೆ ಹೋಗುತ್ತದೆ ಅನ್ನುವ ಭಯ. 1759ರ ಅರ್ಜಿ ಬರೆದವನ ಗತಿ ಮೂವತ್ತನಾಲ್ಕು ವರ್ಷದ ಮೇಲೂ ಮರೆತಿರಲಿಲ್ಲ. ಆಗ ಕುಂಚ ಹಿಡಿದು ಕೂತು ಪ್ರತಿ ಮಾಡಿಕೊಟ್ಟವನು ಉಪರಾಯಭಾರಿಯ ಹನ್ನೆರಡು ವರ್ಷದ ಮಗ. ಹಡಗಿನಲ್ಲಿ ತಿಂಗಳುಗಟ್ಟಲೆ ಆ ಪಾದ್ರಿಗಳ ಹತ್ತಿರ ಕೂತು ಅಕ್ಷರ ತಿದ್ದಿದ್ದ. ಒಂದು ದೇಶದ ದೊರೆ ಇನ್ನೊಂದು ದೇಶದ ದೊರೆಗೆ ಕಳಿಸಿದ ರಾಯಭಾರ, ಅಷ್ಟೊಂದು ಖರ್ಚು, ಅಷ್ಟೊಂದು ಪೆಟ್ಟಿಗೆ. ಕೊನೆಗೆ ಎಲ್ಲ ಬಂದು ನಿಂತದ್ದು ಒಬ್ಬ ಹುಡುಗನ ಕೈಬರಹದ ಮೇಲೆ.

ಜಗಳ ಹೀಗೆ ಮುಗಿಯಿತು: ತಮ್ಮ ದೊರೆಯ ಮುಂದೆ ಮಾಡುವ ಹಾಗೆ ರಾಯಭಾರಿ ಒಂದು ಮಂಡಿ ಊರಲಿ, ಕೈಗೆ ಮುತ್ತಿಡುವುದು ಬೇಡ. ರಾಯಭಾರಿಯ ದಿನಚರಿ ಹೇಳುವುದು ಇದನ್ನೇ. ಚಕ್ರವರ್ತಿಯೂ ಇಷ್ಟಕ್ಕೆ ಒಪ್ಪಿದರು. ಅಂದರೆ ಆ ಆಸ್ಥಾನ ಕಲ್ಲಿನ ಗೋಡೆ ಆಗಿರಲಿಲ್ಲ. ಬಗ್ಗುವ ಕಡೆ ಬಗ್ಗುತ್ತಿತ್ತು.

ಸೆಪ್ಟೆಂಬರ್ 14ರ ಬೆಳಗಿನ ಜಾವ

ಭೇಟಿ ನಡೆದದ್ದು ಪೀಕಿಂಗ್‌ನಲ್ಲಿ ಅಲ್ಲ, ಮಹಾಗೋಡೆಯ ಆಚೆ ಜೆಹೋಲ್‌ನ ಬೇಸಿಗೆ ಅರಮನೆಯಲ್ಲಿ. ಈಗ ಆ ಊರಿಗೆ ಚೆಂಗ್ಡೆ ಅನ್ನುತ್ತಾರೆ. ಇನ್ನೂ ಬೆಳಕು ಹರಿದಿರಲಿಲ್ಲ. ತೋಟದಲ್ಲಿ ದೊಡ್ಡ ಗುಡಾರ. ಹರಳು ಕೂರಿಸಿದ ಚಿನ್ನದ ಪೆಟ್ಟಿಗೆಯಲ್ಲಿ ಮೂರನೇ ಜಾರ್ಜ್ ಅವರ ಪತ್ರ. ಚಕ್ರವರ್ತಿಗೆ 82 ತುಂಬುವ ಹೊತ್ತು. ಪತ್ರ ತೆಗೆದುಕೊಂಡರು, ದೊರೆಗೆ ಕೊಡಲು ಜೇಡ್ ಶಿಲೆಯ ರಾಜದಂಡ ಕೊಟ್ಟರು.

ಬಂದವರಲ್ಲಿ ನಮ್ಮ ಭಾಷೆ ಬಲ್ಲವರು ಯಾರಾದರೂ ಇದ್ದಾರಾ ಅಂತ ಚಕ್ರವರ್ತಿ ಕೇಳಿದರು. ಹುಡುಗನನ್ನು ಮುಂದೆ ಕರೆದರು. ಅವನು ಚೀನೀ ಭಾಷೆಯಲ್ಲಿ ನಾಲ್ಕು ಮಾತಾಡಿದ. ಮುದುಕರ ಮುಖ ಅರಳಿತು. ಸೊಂಟಕ್ಕೆ ಕಟ್ಟಿದ್ದ ಅಡಿಕೆ ಸಂಚಿಯನ್ನು ಬಿಚ್ಚಿ ತಮ್ಮ ಕೈಯಾರೆ ಹುಡುಗನಿಗೆ ಕೊಟ್ಟರು. ಹಳದಿ ರೇಷ್ಮೆಯ ಸಂಚಿ. ಸಂಚಿ ಅಂದರೆ ಏನು ಅಂತ ನಮಗೆ ಬಿಡಿಸಿ ಹೇಳಬೇಕಿಲ್ಲ. ಅಜ್ಜ ತನ್ನ ಸೊಂಟದ ಸಂಚಿ ಬಿಚ್ಚಿ ಮೊಮ್ಮಗನ ಕೈಗೆ ಕೊಟ್ಟರೆ ಅದರಲ್ಲಿ ಎಷ್ಟು ಸಲಿಗೆ ಇರುತ್ತದೆ! ಅರಮನೆಯ ಲೆಕ್ಕಪತ್ರದ ಪ್ರಕಾರ ಕೊಟ್ಟ ರೇಷ್ಮೆ, ಪಿಂಗಾಣಿ ಎಲ್ಲ ಇತ್ತು. ಅವೆಲ್ಲ ಪದ್ಧತಿ. ಪದ್ಧತಿಗೆ ಹೊರಗೆ, ಮನಸ್ಸು ಬಂದು ಕೊಟ್ಟದ್ದು ಈ ಸಂಚಿ.

ಆ ಸಲಿಗೆಯ ಎಳೆ ಹಿಡಿದು ಮುಂದೆ ಹೋಗಬಹುದಿತ್ತು. ಯಾರೂ ಹೋಗಲಿಲ್ಲ. ಇದು ನನ್ನ ಪ್ರಕಾರ ಎರಡನೆಯ ತಿರುವು.

ಉಡುಗೊರೆಗಳ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ದೊಡ್ಡ ಯಂತ್ರಗಳನ್ನು ಜೋಡಿಸಲು ವಾರಗಟ್ಟಲೆ ಬೇಕಿತ್ತು, ಆದ್ದರಿಂದ ಪೀಕಿಂಗ್ ಹತ್ತಿರದ ಯುವಾನ್‌ಮಿಂಗ್‌ಯುವಾನ್ ಅರಮನೆಯಲ್ಲೇ ಉಳಿದವು. ಇತ್ತ ಜೆಹೋಲ್‌ನ ಮಂಟಪಗಳನ್ನು ಸುತ್ತಿದ ರಾಯಭಾರಿಗೆ ಯುರೋಪಿನದ್ದೇ ಗಡಿಯಾರ, ಗ್ರಹಯಂತ್ರ, ಹಾಡುವ ಬೊಂಬೆಗಳು ರಾಶಿ ರಾಶಿ ಕಂಡವು. ನಮ್ಮ ಉಡುಗೊರೆ ಇದರ ಮುಂದೆ ಮಂಕಾಗುತ್ತದೆ ಅಂತ ಅವರೇ ಬರೆದುಕೊಂಡಿದ್ದಾರೆ. ಮಾರುವವನು ಕೊಳ್ಳುವವನ ಮನೆಯಲ್ಲಿ ಏನಿದೆ ಅಂತ ಮೊದಲು ವಿಚಾರಿಸಬೇಕಿತ್ತು.

ಆರು ಬೇಡಿಕೆ, ಏಳು ನಿರಾಕರಣೆ

ಜೆಹೋಲ್‌ನಲ್ಲಿ ರಾಯಭಾರಿ ಎಷ್ಟು ಸಲ ವ್ಯಾಪಾರದ ಮಾತು ತೆಗೆದರೂ ಮುಖ್ಯಮಂತ್ರಿ ತೋಟ ತೋರಿಸಿದರು, ನಾಟಕ ತೋರಿಸಿದರು, ಮಾತು ಮಾತ್ರ ಕೊಡಲಿಲ್ಲ. ಸೆಪ್ಟೆಂಬರ್ 17ಕ್ಕೆ ಹುಟ್ಟುಹಬ್ಬ ಮುಗಿಯಿತು. ಅಕ್ಟೋಬರ್ 3ರಂದು ಪೀಕಿಂಗ್‌ನಲ್ಲಿ ಇಂಗ್ಲೆಂಡಿನ ದೊರೆಗೆ ಉತ್ತರ ಕೊಟ್ಟಾಯಿತು. ಹೊರಡಿ ಅನ್ನುವುದು ಅದರ ಅರ್ಥ. ಆ ದಿನವೇ ರಾಯಭಾರಿ ಆರು ಬೇಡಿಕೆಗಳನ್ನು ಬರೆದು ಕೊಟ್ಟರು.

ಝೌಶಾನ್, ನಿಂಗ್ಬೋ, ತಿಯಾಂಜಿನ್‌ನಲ್ಲಿ ವ್ಯಾಪಾರ. ಪೀಕಿಂಗ್‌ನಲ್ಲಿ ಒಂದು ಉಗ್ರಾಣ. ಸರಕು ಇಡಲು ಝೌಶಾನ್ ಹತ್ತಿರ ಒಂದು ಪುಟ್ಟ ದ್ವೀಪ. ಕ್ಯಾಂಟನ್ ಹತ್ತಿರವೂ ಅಂಥದ್ದೇ ಜಾಗ. ಮಕಾವ್ ಮತ್ತು ಕ್ಯಾಂಟನ್ ನಡುವಿನ ಸಾಗಣೆ ಸುಂಕ ತೆಗೆಯುವುದು ಅಥವಾ ಇಳಿಸುವುದು. ಉಳಿದ ಸುಂಕವನ್ನು ಚಕ್ರವರ್ತಿ ಗೊತ್ತುಮಾಡಿದ ದರಕ್ಕಿಂತ ಒಂದು ಕಾಸೂ ಹೆಚ್ಚು ವಸೂಲಿ ಮಾಡದಂತೆ ನೋಡಿಕೊಳ್ಳುವುದು. ಇದರ ಜೊತೆಗೆ, ಪೀಕಿಂಗ್‌ನಲ್ಲಿ ಕಾಯಂ ರಾಯಭಾರಿ ಇರಲು ಅವಕಾಶ ಕೊಡಿ ಅನ್ನುವ ಮುಖ್ಯ ಕೋರಿಕೆ ಪತ್ರದಲ್ಲೇ ಇತ್ತು.

ಈ ಪಟ್ಟಿಯನ್ನು ಒಮ್ಮೆ ಚೀನೀ ಅಧಿಕಾರಿಯ ಕಣ್ಣಿನಿಂದ ಓದಿ. ಕೊನೆಯ ಎರಡು ಸುಂಕದ ಅಹವಾಲು. ನ್ಯಾಯವಾದದ್ದು, ಕೊಟ್ಟರೆ ದೊಡ್ಡ ನಷ್ಟವೇನೂ ಇಲ್ಲ. ಆದರೆ ಅವುಗಳ ಮೇಲೆ ಎರಡು ತುಂಡು ನೆಲ ಕೇಳಿದ್ದಾರೆ. ಆ ಹೊತ್ತಿಗೆ ಕಂಪನಿ ಭಾರತದಲ್ಲಿ ಕೋಠಿಗೆ ಅಂತ ಪಡೆದ ನೆಲದಿಂದ ಎಷ್ಟು ದೂರ ಬಂದಿತ್ತು ಅಂತ ನಮಗೆ ಗೊತ್ತು. ನೆಲದ ಮಾತನ್ನೂ ಸುಂಕದ ಮಾತನ್ನೂ ಒಂದೇ ಹಾಳೆಯಲ್ಲಿ ಕಟ್ಟಿದ್ದು ಮೂರನೆಯ ತಿರುವು. ಕೊಡಬಹುದಾದದ್ದನ್ನೂ ಕೊಡಲಾಗದ್ದು ಎಳೆದುಕೊಂಡು ಮುಳುಗಿತು.

ಅಕ್ಟೋಬರ್ 7ರಂದು ಹೊರಡುವಾಗ ಎರಡನೆಯ ಉತ್ತರ ಕೈಗೆ ಬಂತು. ಒಂದೊಂದಾಗಿ ಆರನ್ನೂ ನಿರಾಕರಿಸಲಾಗಿತ್ತು. ಏಳನೆಯದೂ ಒಂದಿತ್ತು: ಕ್ರೈಸ್ತ ಧರ್ಮದ ಪ್ರಚಾರಕ್ಕೂ ಅನುಮತಿ ಇಲ್ಲ. ಅದನ್ನು ನಾವು ಕೇಳಿಯೇ ಇಲ್ಲವಲ್ಲ ಅಂತ ರಾಯಭಾರಿಗೆ ಆಶ್ಚರ್ಯ. ಪಾದ್ರಿಯಾಗಿದ್ದ ದುಭಾಷಿಯೇ ತನ್ನ ಜನರ ಪರವಾಗಿ ಒಂದು ಮಾತು ಸೇರಿಸಿರಬಹುದು ಅಂತ ಇತಿಹಾಸಕಾರರು ಅನುಮಾನಪಡುತ್ತಾರೆ. ಸೇರಿಸಿದ್ದರೆ ಅದನ್ನು ಹಿಡಿಯುವಷ್ಟು ಭಾಷೆ ರಾಯಭಾರದಲ್ಲಿ ಯಾರಿಗೂ ಇರಲಿಲ್ಲ.

ನಮ್ಮಲ್ಲಿ ಎಲ್ಲವೂ ಇದೆ, ನಿಮ್ಮ ವಿಚಿತ್ರ ವಸ್ತುಗಳು ನಮಗೆ ಬೇಡ ಅಂತ ಚಕ್ರವರ್ತಿ ಬರೆದ ಮಾತು ಈಗಲೂ ಶಾಲೆ ಕಾಲೇಜಿನ ಪುಸ್ತಕಗಳಲ್ಲಿ ಸಿಗುತ್ತದೆ. ಅದನ್ನು ಓದಿ, ಜಗತ್ತು ಗೊತ್ತಿಲ್ಲದ ಮುದುಕನ ಗರ್ವ ಅಂದುಕೊಳ್ಳುವವರು ಬಹಳ. ಆದರೆ ಅದೇ ದಿನಗಳಲ್ಲಿ ಅವರು ಕರಾವಳಿಯ ಅಧಿಕಾರಿಗಳಿಗೆ ಬರೆದ ಆಜ್ಞೆಗಳೂ ಇವೆ. ಇಂಗ್ಲಿಷರು ಸಮುದ್ರದಲ್ಲಿ ಬಲಶಾಲಿಗಳು, ಕೇಳಿದ್ದು ಸಿಗದ್ದರಿಂದ ಗಲಾಟೆ ಮಾಡಬಹುದು, ಬಂದರುಗಳ ಕಾವಲು ಬಿಗಿ ಮಾಡಿ, ಜಗಳಕ್ಕೆ ಕಾರಣ ಕೊಡಬೇಡಿ ಅನ್ನುವ ಧಾಟಿ ಅವುಗಳದು. ಇದು ಕಣ್ಣು ಮುಚ್ಚಿ ಕೂತವರ ಮಾತಲ್ಲ.

ದೋಣಿಯಲ್ಲಿ ನಡೆದ ನಿಜವಾದ ಮಾತುಕತೆ

ವಾಪಸ್ ದಾರಿ ಮಹಾಕಾಲುವೆಯ ಮೂಲಕ. ಜೊತೆಗೆ ಬಂದ ಹಿರಿಯ ಅಧಿಕಾರಿ ಹಿಂದೆ ರಷ್ಯಾದ ಗಡಿಯಲ್ಲಿ ಕೆಲಸ ಮಾಡಿದವರು. ರಾಯಭಾರಿ ಯೌವನದಲ್ಲಿ ರಷ್ಯಾದ ರಾಜಧಾನಿಯಲ್ಲಿ ದೂತರಾಗಿದ್ದವರು. ಇಬ್ಬರಿಗೂ ಮಾತಿಗೆ ಒಂದು ಎಳೆ ಸಿಕ್ಕಿತು. ಹಬ್ಬದ ಗದ್ದಲ ಇಲ್ಲ, ಸಾಲಾಗಿ ನಿಂತ ಆಸ್ಥಾನ ಇಲ್ಲ, ವಾರಗಟ್ಟಲೆ ಬಿಡುವು. ಹಾಂಗ್‌ಝೌನಿಂದ ಮುಂದೆ ಕ್ಯಾಂಟನ್ನಿನ ಹೊಸ ರಾಜ್ಯಪಾಲರೇ ಜೊತೆಯಾದರು. ಕ್ಯಾಂಟನ್ನಿನಲ್ಲಿ ನಿಮಗೆ ಏನು ತೊಂದರೆ, ಒಂದೊಂದಾಗಿ ಬರೆದು ಕೊಡಿ ಅಂದರು. ದ್ವೀಪದ ಮಾತಿಲ್ಲ, ರಾಯಭಾರಿ ಕಚೇರಿಯ ಮಾತಿಲ್ಲ. ಸುಲಿಗೆ, ಕಿರುಕುಳ, ಇಂಥದ್ದೇ ಪಟ್ಟಿ. 1794ರ ಜನವರಿಯಲ್ಲಿ ಆ ರಾಜ್ಯಪಾಲರು ಎರಡು ಪ್ರಕಟಣೆ ಹೊರಡಿಸಿದರು: ಇಂಗ್ಲಿಷರನ್ನು ಸುಲಿದರೆ, ಕಾಡಿದರೆ ಶಿಕ್ಷೆ. ಇಡೀ ರಾಯಭಾರಕ್ಕೆ ದಕ್ಕಿದ್ದು ಇಷ್ಟೇ. ಆದರೆ ಎಲ್ಲಿ ದಕ್ಕಿತು, ಯಾರಿಂದ ದಕ್ಕಿತು ಅಂತ ನೋಡಿ. ಅಧಿಕಾರ ಯಾರ ಕೈಯಲ್ಲಿತ್ತೋ ಅವರ ಹತ್ತಿರ, ಅವರು ಕೊಡಬಹುದಾದದ್ದನ್ನು ಮಾತ್ರ, ಒಂದೊಂದಾಗಿ ಕೇಳಿದಾಗ ದಕ್ಕಿತು.

ನಮಸ್ಕಾರದ ವಾದಕ್ಕೆ ಉತ್ತರ ಮರುವರ್ಷವೇ ಸಿಕ್ಕಿತು. 1795ರ ಜನವರಿಯಲ್ಲಿ ಡಚ್ ರಾಯಭಾರ ಪೀಕಿಂಗ್ ತಲುಪಿತು. ಹಣೆ ಮುಟ್ಟಿಸಿ ಅಂದಲ್ಲೆಲ್ಲ ಅವರು ಮುಟ್ಟಿಸಿದರು. ಔತಣ ಸಿಕ್ಕಿತು, ವ್ಯಾಪಾರದ ಯಾವ ಸವಲತ್ತೂ ಸಿಗಲಿಲ್ಲ. ಅವರು ಆರು ಬೇಡಿಕೆಯಂಥ ಪಟ್ಟಿ ಇಟ್ಟಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಆದರೂ ತಲೆ ಬಾಗಿದ್ದಕ್ಕೆ ಬಾಗಿಲು ತೆರೆಯಲಿಲ್ಲ ಅನ್ನುವುದಂತೂ ನಿಜ.

ಆ ಹುಡುಗ ಏನಾದ? ಬೆಳೆದು ಕ್ಯಾಂಟನ್ನಿನ ಕಂಪನಿ ಕೋಠಿಗೇ ನೌಕರಿಗೆ ಬಂದ. ಚೀನಾದ ಕಾನೂನು ಸಂಹಿತೆಯನ್ನು 1810ರಲ್ಲಿ ಇಂಗ್ಲಿಷಿಗೆ ತಂದ. 1816ರಲ್ಲಿ ಇನ್ನೊಂದು ರಾಯಭಾರ ಹೋದಾಗ ಅದರ ಮುಖ್ಯರಲ್ಲಿ ಒಬ್ಬನಾಗಿ ಹೋದ. ಈ ಸಲ ಭಾಷೆ ಬಲ್ಲವನು ಇದ್ದ, ಆದರೆ ಅವನೇ ಹಣೆ ಮುಟ್ಟಿಸುವುದು ಬೇಡ ಅಂತ ಸಲಹೆ ಕೊಟ್ಟ. ಚಕ್ರವರ್ತಿಯ ಮುಖವನ್ನೂ ನೋಡದೆ ಆ ದಿನವೇ ಹೊರಡಬೇಕಾಯಿತು. 1840ರ ಏಪ್ರಿಲ್‌ನಲ್ಲಿ, ಅಫೀಮಿನ ಜಗಳ ಯುದ್ಧಕ್ಕೆ ತಿರುಗಿದಾಗ, ಅವನು ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯ. ವಯಸ್ಸು 58. ಆ ಮನೆಯಲ್ಲಿ ಚೀನೀ ಭಾಷೆಯನ್ನೂ ಚೀನೀ ಜನರನ್ನೂ ಅವನಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. ಎದ್ದು ನಿಂತು ಯುದ್ಧದ ಪರವಾಗಿ ಮಾತಾಡಿದ.

1842ರ ಆಗಸ್ಟ್ 29ರಂದು ನಾಂಜಿಂಗ್‌ನಲ್ಲಿ, ಬ್ರಿಟಿಷ್ ಯುದ್ಧನೌಕೆಯೊಂದರ ಮೇಲೆ ಒಪ್ಪಂದಕ್ಕೆ ಸಹಿ ಬಿತ್ತು. ಹಾಂಗ್ ವರ್ತಕರ ಏಕಸ್ವಾಮ್ಯ ಹೋಯಿತು. ಸುಂಕದ ದರ ಗೊತ್ತುಮಾಡುವುದು ಅಂತಾಯಿತು. ಒಂದು ದ್ವೀಪ ಇಂಗ್ಲಿಷರ ಕೈಸೇರಿತು, ಹಾಂಗ್‌ಕಾಂಗ್. ಐದು ಬಂದರು ತೆರೆದವು. ಅವುಗಳಲ್ಲಿ ಒಂದು ನಿಂಗ್ಬೋ.